ಓದುವವನಿಲ್ಲದ ಇನ್‌ವಾಯ್ಸ್

ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ಮುಂದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರೂ ಸೇರಿಕೊಂಡಿದೆ. ಮೂರೂ ಒಬ್ಬನದೇ ಎಂದು ಕೌಂಟರಿನ ಆಚೆ ಕೂತ ಗುಮಾಸ್ತನಿಗೆ ಗೊತ್ತು, ಎದುರು ನಿಂತವನಿಗಂತೂ ಗೊತ್ತೇ ಇದೆ. ಆದರೂ ‘ಸಿಸ್ಟಮ್ ತಗೋತಾ ಇಲ್ಲ ಸರ್, ಹೆಸರು ಮ್ಯಾಚ್ ಆಗ್ತಾ ಇಲ್ಲ’ ಎಂಬ ಉತ್ತರವನ್ನು ಕೇಳದವರು ಈಗ ಯಾರೂ ಇರಲಿಕ್ಕಿಲ್ಲ. ಕೋಟಿಗಟ್ಟಲೆ ಲೆಕ್ಕವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿ ಕಳೆಯುವ ಯಂತ್ರ ಹತ್ತನೇ ತರಗತಿ ಓದಿದ ಗುಮಾಸ್ತ ಸಲೀಸಾಗಿ ಮಾಡುವ ಕೆಲಸದ ಮುಂದೆ ಯಾಕೆ ಮುಗ್ಗರಿಸುತ್ತದೆ? ಒಬ್ಬ ಗ್ರಾಹಕನ ಮಟ್ಟದಲ್ಲಿ ಇದು ಅರ್ಧ ದಿನದ ಕಿರಿಕಿರಿ. ವ್ಯಾಪಾರದ ಮಟ್ಟದಲ್ಲಿ ಇದೇ ಸಮಸ್ಯೆ 2017ರ ಕೊನೆಯಲ್ಲಿ ಮುಂಬೈ ಸೇರಿದಂತೆ ದೇಶದ ಸಾವಿರಾರು ರಫ್ತುದಾರರ ಹಣವನ್ನು ತಿಂಗಳುಗಟ್ಟಲೆ ಕಟ್ಟಿಹಾಕಿತು. ಕಂಪನಿ ಕಂಪನಿಗಳ ನಡುವೆ, ಕಂಪನಿ ಮತ್ತು ಸರಕಾರದ ನಡುವೆ ಕಾಗದಪತ್ರದ ಬದಲು ಕಂಪ್ಯೂಟರಿನಿಂದ ಕಂಪ್ಯೂಟರಿಗೇ ಮಾಹಿತಿ ಹರಿಯುವ ಏರ್ಪಾಡಿಗೆ ವಿದ್ಯುನ್ಮಾನ ದತ್ತಾಂಶ ವಿನಿಮಯ, ಚುಟುಕಾಗಿ ಇಡಿಐ ಎಂದು ಹೆಸರು. ಅದನ್ನು ಅಳವಡಿಸಲು ಹೊರಟವರು ಎಡವುವ ಜಾಗ ಯಾವುದು ಎಂದು ಅರಿಯಲು ಆ 2017ರ ಪ್ರಕರಣಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಸಿಕ್ಕಿಹಾಕಿಕೊಂಡ ಮರುಪಾವತಿ

ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ರಫ್ತು ಮಾಡುವವನು ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ) ಕಟ್ಟಿ ಸರಕು ಕಳಿಸಿದರೆ ಆ ತೆರಿಗೆ ಅವನಿಗೆ ವಾಪಸ್ ಸಿಗಬೇಕು. ಇದಕ್ಕೆ ಬೇರೆ ಅರ್ಜಿಯೇ ಬೇಡ, ಕಸ್ಟಮ್ಸ್‌ಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ಲನ್ನೇ ಅರ್ಜಿ ಎಂದು ತಿಳಿಯಲಾಗುವುದು ಎಂದು ನಿಯಮ ಮಾಡಿದರು. ಎರಡು ದಾರಿಯಿಂದ ಮಾಹಿತಿ ಬರುತ್ತದೆ. ಶಿಪ್ಪಿಂಗ್ ಬಿಲ್ ಐಸ್‌ಗೇಟ್ ಪೋರ್ಟಲಿನ ಮೂಲಕ ಕಸ್ಟಮ್ಸ್ ಕಂಪ್ಯೂಟರಿಗೆ ಹೋಗುತ್ತದೆ, ಮಾರಾಟದ ವಿವರ ಇರುವ ಜಿಎಸ್‌ಟಿಆರ್-1 ಜಿಎಸ್‌ಟಿ ಜಾಲಕ್ಕೆ ಹೋಗುತ್ತದೆ. ಎರಡನ್ನೂ ಎದುರುಬದುರು ಇಟ್ಟು ಯಂತ್ರ ತಾಳೆ ನೋಡುತ್ತದೆ. ತಾಳೆಯಾದರೆ ಹಣ ನೇರ ಬ್ಯಾಂಕ್ ಖಾತೆಗೆ. ಕಚೇರಿಗೆ ಅಲೆಯಬೇಕಿಲ್ಲ, ಮೇಜಿನಡಿ ಕೈಚಾಚುವವರಿಲ್ಲ. ಕಾಗದದ ಮೇಲೆ ಇದಕ್ಕಿಂತ ಚೊಕ್ಕ ಏರ್ಪಾಡು ಇನ್ನೊಂದಿಲ್ಲ.

ಆಗಿದ್ದೇ ಬೇರೆ. ನ್ಹಾವಾ ಶೇವಾ ಬಂದರಿನ ಜವಾಹರಲಾಲ್ ನೆಹರೂ ಕಸ್ಟಮ್ ಹೌಸ್, ಬಲಾರ್ಡ್ ಎಸ್ಟೇಟಿನ ನ್ಯೂ ಕಸ್ಟಮ್ ಹೌಸ್, ಸಹಾರ್‌ನ ಏರ್ ಕಾರ್ಗೋ ಕಾಂಪ್ಲೆಕ್ಸ್, ಎಲ್ಲ ಕಡೆಯ ಎಷ್ಟೋ ರಫ್ತುದಾರರಿಗೆ ಮರುಪಾವತಿಯ ಬದಲು ಒಂದು ಸಂಕೇತ ಬಂತು: ಎಸ್‌ಬಿ005. ಇನ್‌ವಾಯ್ಸ್ ನಂಬರ್ ತಾಳೆಯಾಗುತ್ತಿಲ್ಲ ಎಂದು ಅದರ ಅರ್ಥ. ಕಾರಣ ನೋಡಿದರೆ ಅಲ್ಲಿ ಮೋಸವೇನೂ ಇರಲಿಲ್ಲ. ಎಷ್ಟೋ ಕಂಪನಿಗಳು ಒಂದೇ ಸರಕಿಗೆ ಎರಡು ಇನ್‌ವಾಯ್ಸ್ ಮಾಡುತ್ತಿದ್ದವು. ಒಂದು ಜಿಎಸ್‌ಟಿ ಲೆಕ್ಕಕ್ಕೆ ಕ್ರಮಸಂಖ್ಯೆ ಹಾಕಿದ ತೆರಿಗೆ ಇನ್‌ವಾಯ್ಸ್, ಇನ್ನೊಂದು ವಿದೇಶದ ಖರೀದಿದಾರನಿಗೆ ಹೋಗುವ ರಫ್ತು ಇನ್‌ವಾಯ್ಸ್. ಬಂದರಿನ ಕೆಲಸ ನೋಡುವ ಕಸ್ಟಮ್ ಹೌಸ್ ಏಜೆಂಟ್, ಅಂದರೆ ಸಿಎಚ್‌ಎ ತನ್ನ ಕೈಗೆ ಬಂದ ರಫ್ತು ಇನ್‌ವಾಯ್ಸಿನ ನಂಬರನ್ನು ಶಿಪ್ಪಿಂಗ್ ಬಿಲ್ಲಿನಲ್ಲಿ ಹಾಕಿದ. ಇನ್ನೆಲ್ಲೋ ಕುಳಿತ ಅಕೌಂಟೆಂಟ್ ತನ್ನ ಪುಸ್ತಕದಲ್ಲಿದ್ದ ತೆರಿಗೆ ಇನ್‌ವಾಯ್ಸಿನ ನಂಬರನ್ನು ರಿಟರ್ನ್‌ನಲ್ಲಿ ತುಂಬಿದ. ಇಬ್ಬರು ಬರೆದದ್ದೂ ನಿಜ, ಇಬ್ಬರೂ ಪ್ರಾಮಾಣಿಕರು, ಆದರೆ ಇಬ್ಬರ ನಂಬರೂ ಬೇರೆ. ಇನ್‌ವಾಯ್ಸ್ ಒಂದೇ ಇದ್ದಾಗಲೂ ಬಚಾವ್ ಎನ್ನುವಂತಿಲ್ಲ. ಒಂದು ಕಡೆ ‘ಎಕ್ಸ್‌ಪಿ/017/17-18’ ಎಂದಿದ್ದು ಇನ್ನೊಂದು ಕಡೆ ಬರೀ ‘17’ ಎಂದಾದರೆ ಮನುಷ್ಯನ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಬೇರೆ ಅಕ್ಷರಮಾಲೆ.

ಕೊನೆಗೆ ಕೇಂದ್ರ ಅಬಕಾರಿ ಮತ್ತು ಕಸ್ಟಮ್ಸ್ ಮಂಡಳಿ 2018ರ ಫೆಬ್ರವರಿ 23ರಂದು ಸುತ್ತೋಲೆ ಹೊರಡಿಸಿ ಒಂದು ದಾರಿ ತೆರೆಯಿತು. ಯಾವ ಜಿಎಸ್‌ಟಿ ಇನ್‌ವಾಯ್ಸ್ ಯಾವ ರಫ್ತು ಇನ್‌ವಾಯ್ಸಿಗೆ ಸಂಬಂಧಿಸಿದ್ದು ಎಂಬ ಜೋಡಣೆ ಪಟ್ಟಿಯನ್ನು ರಫ್ತುದಾರ ಕೊಡಬೇಕು, ಕಸ್ಟಮ್ಸ್ ಅಧಿಕಾರಿ ಅದನ್ನು ಪರಿಶೀಲಿಸಿ ಸಿಸ್ಟಮ್ಮಿನಲ್ಲಿ ಕೈಯಾರೆ ಸರಿಪಡಿಸಬೇಕು. ಮಾರ್ಚ್ ತಿಂಗಳ ಎರಡನೇ ಅರ್ಧದಲ್ಲಿ ಇದಕ್ಕೆಂದೇ ದೇಶದಾದ್ಯಂತ ವಿಶೇಷ ಅಭಿಯಾನ ನಡೆಯಿತು. ಬಾಗಿಲಿನಿಂದ ಆಚೆ ಕಳಿಸಿದ್ದ ಗುಮಾಸ್ತನನ್ನು ಕಿಟಕಿಯಿಂದ ಒಳಗೆ ಕರೆತಂದರು ಎನ್ನಬಹುದು.

ಓದುಗ ಮಾಡುತ್ತಿದ್ದ ಕೂಲಿಯಿಲ್ಲದ ಕೆಲಸ

ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಅಡುಗೆಮನೆಯತ್ತ ಮುಖ ಮಾಡಿ ‘ಎರಡು ಸಾದಾ, ಒಂದು ರೋಸ್ಟ್, ಏಳನೆಯದಕ್ಕೆ ಖಾರ ಕಮ್ಮಿ’ ಎಂದು ಕೂಗುತ್ತಾನೆ. ಸಾದಾ ಎಂದರೆ ದೋಸೆ, ಏಳನೆಯದು ಎಂದರೆ ಏಳನೇ ಟೇಬಲ್ಲು, ಖಾರ ಕಮ್ಮಿ ಎಂದರೆ ಚಟ್ನಿಯದೋ ಪಲ್ಯದ್ದೋ ಎಂಬುದೆಲ್ಲ ಕಾವಲಿಯ ಮುಂದೆ ನಿಂತ ಭಟ್ಟರಿಗೆ ಹೇಳದೆಯೇ ಗೊತ್ತು. ಗೊತ್ತಾಗದಿದ್ದರೆ ತಲೆ ಹೊರಹಾಕಿ ಕೇಳುತ್ತಾರೆ. ಅದೇ ಹೋಟೆಲಿಗೆ ಸಪ್ಲೈಯರ್ ಕೈಗೆ ಟ್ಯಾಬ್ ಕೊಟ್ಟು ಅಡುಗೆಮನೆಯಲ್ಲಿ ಪರದೆ ನೇತುಹಾಕಿದರೆ ‘ಖಾರ ಕಮ್ಮಿ’ ಎಂಬುದಕ್ಕೊಂದು ಗುಂಡಿ ಬೇಕು. ಆ ಗುಂಡಿ ಒತ್ತಿದರೆ ಚಟ್ನಿಯೋ ಪಲ್ಯವೋ ಎಂದು ಮೊದಲೇ ತೀರ್ಮಾನವಾಗಿರಬೇಕು. ಆ ಗುಂಡಿ ಇಲ್ಲದಿದ್ದರೆ ಗಿರಾಕಿಯ ಆ ಬೇಡಿಕೆಯೇ ಹೋಟೆಲಿನ ಪಾಲಿಗೆ ಇಲ್ಲವಾಗುತ್ತದೆ. ಟ್ಯಾಬ್ ಕೊಂಡು ತರುವುದು ಒಂದು ಮಧ್ಯಾಹ್ನದ ಕೆಲಸ. ಗುಂಡಿಗಳ ಪಟ್ಟಿ ಮಾಡಲು ಮಾಲೀಕ, ಭಟ್ಟರು, ಸಪ್ಲೈಯರ್ ಮೂವರೂ ಕೂತು ಜಗಳವಾಡಬೇಕು.

ಇಡಿಐನ ಒಳಗುಟ್ಟು ಇಷ್ಟೇ. ಕಾಗದದ ವ್ಯವಹಾರದಲ್ಲಿ ಅರ್ಥದ ಬಗೆಗಿನ ಒಪ್ಪಂದ ಓದುವ ಹೊತ್ತಿಗೆ ಆಗುತ್ತದೆ. ಇನ್‌ವಾಯ್ಸ್ ಕೈಗೆತ್ತಿಕೊಂಡ ಗುಮಾಸ್ತ ಕಾಗುಣಿತ ತಿದ್ದುತ್ತಾನೆ, ಬಿಟ್ಟುಹೋದದ್ದನ್ನು ಊಹಿಸುತ್ತಾನೆ, ಹಳೆಯ ಫೈಲು ತೆಗೆದು ನೋಡುತ್ತಾನೆ, ಅನುಮಾನ ಬಂದರೆ ಫೋನ್ ಮಾಡುತ್ತಾನೆ. ಈ ಕೆಲಸಕ್ಕೆ ಯಾರೂ ಹೆಸರು ಕೊಟ್ಟಿರಲಿಲ್ಲ, ಸಂಬಳದ ಪಟ್ಟಿಯಲ್ಲಿ ಅದು ಎಲ್ಲೂ ಕಾಣುತ್ತಿರಲಿಲ್ಲ. ಕಂಪ್ಯೂಟರ್ ಅವನ ಜಾಗಕ್ಕೆ ಬಂದಾಗ ಬೆರಳಚ್ಚಿನ ಖರ್ಚು ಉಳಿಯಿತು ಎಂದು ಎಲ್ಲರೂ ಲೆಕ್ಕ ಹಾಕಿದರೇ ಹೊರತು, ಅವನು ಸದ್ದಿಲ್ಲದೆ ಮಾಡುತ್ತಿದ್ದ ಈ ಹೊಂದಾಣಿಕೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಮಾಯವಾಗುವ ಕೆಲಸವಲ್ಲ. ಓದುವ ಹೊತ್ತಿನಿಂದ ಬರೆಯುವ ಹೊತ್ತಿಗೆ, ಬರೆಯುವುದಕ್ಕೂ ಮುಂಚಿನ ಮಾತುಕತೆಗೆ ಅದು ಸ್ಥಳಾಂತರವಾಗುತ್ತದೆ. ಇಡಿಐ ಅಳವಡಿಸಿದವರು ಹೇಳುವ ತೊಂದರೆಗಳ ಪಟ್ಟಿಯಲ್ಲಿ ಖರ್ಚು, ನೌಕರರ ತರಬೇತಿ, ಸಾಫ್ಟ್‌ವೇರ್ ಜಗಳ ಎಲ್ಲವೂ ಇರುತ್ತವೆ. ಹೆಚ್ಚಿನವನ್ನು ಕೆದಕಿ ನೋಡಿದರೆ ಬುಡದಲ್ಲಿ ಸಿಗುವುದು ಮೊದಲೇ ಮಾಡಿಕೊಳ್ಳದ ಈ ಒಪ್ಪಂದವೇ.

ಇದು ಹೊಸ ಅರಿವೇನೂ ಅಲ್ಲ. 1948ರಲ್ಲಿ ಸೋವಿಯತ್ ದಿಗ್ಬಂಧನಕ್ಕೆ ಸಿಕ್ಕ ಬರ್ಲಿನ್ ನಗರಕ್ಕೆ ವಿಮಾನಗಳಲ್ಲಿ ಆಹಾರ, ಕಲ್ಲಿದ್ದಲು ಸಾಗಿಸುವಾಗ ಅಮೆರಿಕದ ಸೇನೆಯ ಎಡ್ವರ್ಡ್ ಗಿಲ್ಬರ್ಟ್ ಮತ್ತು ಸಂಗಡಿಗರು ಟೆಲೆಕ್ಸ್, ಟೆಲಿಫೋನ್ ಯಾವುದರಲ್ಲಾದರೂ ಕಳಿಸಬಹುದಾದ ಒಂದೇ ಮಾದರಿಯ ಸರಕುಪಟ್ಟಿ ರೂಪಿಸಿದ್ದರು. ಇಡಿಐ ಚರಿತ್ರೆ ಬರೆಯುವವರು ಮೊದಲುಮಾಡುವುದು ಅಲ್ಲಿಂದಲೇ. ವ್ಯಾಪಾರದ ಕಂಪ್ಯೂಟರ್ ಕಣ್ಣು ತೆರೆಯುವುದಕ್ಕೂ ಮೊದಲಿನ ಮಾತು ಇದು.

ಕಾವಲು ಅಂಕಿ

ಒಪ್ಪಂದ ಚೆನ್ನಾಗಿ ಆಗಿರುವ ಜಾಗವೊಂದನ್ನು ನೋಡೋಣ. ನ್ಹಾವಾ ಶೇವಾ ಬಂದರಿನ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುವ ಟ್ರೇಲರುಗಳ ಮೇಲಿನ ಕಂಟೇನರುಗಳ ಬಾಗಿಲಿನ ಮೇಲೆ ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿಯಾಗಿ ಇನ್ನೊಂದು ಅಂಕಿ ಇರುತ್ತದೆ. ಆ ಒಂಟಿ ಅಂಕಿಯನ್ನು ನಾವು ಕಾವಲು ಅಂಕಿ ಎನ್ನೋಣ. ಮೊದಲ ಮೂರು ಅಕ್ಷರ ಮಾಲೀಕರದು, ನಾಲ್ಕನೆಯದು ಸಾಮಾನ್ಯವಾಗಿ ‘ಯು’, ಆಮೇಲಿನ ಆರು ಅಂಕಿ ಆ ಪೆಟ್ಟಿಗೆಯ ಕ್ರಮಸಂಖ್ಯೆ. ಕಾವಲು ಅಂಕಿಯನ್ನು ಯಾರೂ ತಮಗೆ ಬೇಕಾದಂತೆ ಹಾಕುವುದಿಲ್ಲ. ಹಿಂದಿನ ಹತ್ತು ಅಕ್ಷರ ಮತ್ತು ಅಂಕಿಗಳಿಂದ ಗೊತ್ತಾದ ಲೆಕ್ಕದ ಪ್ರಕಾರ ಅದು ಹುಟ್ಟುತ್ತದೆ. ಪಠ್ಯಪುಸ್ತಕಗಳು ಕೊಡುವ ಉದಾಹರಣೆ: ಸಿ-ಎಸ್-ಕ್ಯೂ-ಯು 305438, ಕಾವಲು ಅಂಕಿ 3. ಬರೆದುಕೊಳ್ಳುವವನು ಅವಸರದಲ್ಲಿ ನಡುವಿನ 5 ಮತ್ತು 4ನ್ನು ಅದಲುಬದಲು ಮಾಡಿ 304538 ಎಂದು ಬರೆದ ಎನ್ನಿ. ಅದೇ ಲೆಕ್ಕ ಹಾಕಿದರೆ ಆ ಸಂಖ್ಯೆಗೆ ಕಾವಲು ಅಂಕಿ 1 ಬರಬೇಕು. ಪೆಟ್ಟಿಗೆಯ ಮೇಲಿರುವುದು 3. ಯಂತ್ರ ಅಲ್ಲೇ ತಡೆಯುತ್ತದೆ. ಪೆಟ್ಟಿಗೆಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ತಪ್ಪು ಹುಟ್ಟಿದ ಗಳಿಗೆಯಲ್ಲೇ, ಹುಟ್ಟಿಸಿದವನ ಮುಂದೆಯೇ ಅದು ಬಯಲಾಗುತ್ತದೆ.

ಇದನ್ನು ಎಸ್‌ಬಿ005ರ ಪಕ್ಕಕ್ಕಿಟ್ಟು ನೋಡಿ. ಶಿಪ್ಪಿಂಗ್ ಬಿಲ್ ಸಲ್ಲಿಸಿದ ದಿನ ಅದರಲ್ಲಿ ತಪ್ಪಿದೆ ಎಂದು ಯಾರಿಗೂ ತಿಳಿಯುವಂತಿರಲಿಲ್ಲ, ಏಕೆಂದರೆ ತಾಳೆ ನೋಡಬೇಕಾದ ಇನ್ನೊಂದು ಕಾಗದ ಇನ್ನೂ ಹುಟ್ಟಿಯೇ ಇರಲಿಲ್ಲ. ಆ ವರ್ಷ ಜಿಎಸ್‌ಟಿಆರ್-1ರ ಗಡುವು ಮುಂದೆ ಹೋಗುತ್ತಲೇ ಇದ್ದುದರಿಂದ ರಫ್ತಿನ ವಿವರದ 6ಎ ಕೋಷ್ಟಕವನ್ನಷ್ಟೇ ಬೇರೆಯಾಗಿ ತುಂಬಲು ಅವಕಾಶ ಕೊಡಬೇಕಾಯಿತು. ಅಷ್ಟರಲ್ಲಿ ಹಡಗು ಹೋಗಿಯಾಗಿತ್ತು, ಬಿಲ್ ತಿದ್ದುವ ಸುಲಭ ದಾರಿ ಮುಚ್ಚಿತ್ತು. ಬರೆಯುವಾಗ ಸಿಕ್ಕಿದ್ದರೆ ಐದು ನಿಮಿಷದ ಕೆಲಸವಾಗುತ್ತಿದ್ದ ತಪ್ಪು ತಿಂಗಳುಗಳ ನಂತರ ಸಿಕ್ಕಿದ್ದರಿಂದ ಸುತ್ತೋಲೆ, ಜೋಡಣೆ ಪಟ್ಟಿ, ಅಭಿಯಾನಗಳನ್ನು ಬೇಡಿತು. ಇಡಿಐ ಸಂದೇಶಗಳ ಅಂತರರಾಷ್ಟ್ರೀಯ ನಿಯಮಾವಳಿಯಾದ ಎಡಿಫ್ಯಾಕ್ಟ್‌ನಲ್ಲಿ ‘ನಿಮ್ಮ ಸಂದೇಶ ತಲುಪಿತು, ನಮೂನೆ ಸರಿಯಿದೆ’ ಅಥವಾ ‘ಇಂಥ ಜಾಗದಲ್ಲಿ ತಪ್ಪಿದೆ’ ಎಂದು ಹೇಳಲೆಂದೇ ಒಂದು ಸ್ವೀಕೃತಿ ಸಂದೇಶವಿದೆ. ಖರ್ಚು ಕಡಿಮೆ ಮಾಡಲು ಇದನ್ನು ಕೈಬಿಡುವ ಆಸೆ ಹುಟ್ಟಬಹುದು. ನನ್ನ ಮಟ್ಟಿಗೆ ಇದು ದುಬಾರಿ ಉಳಿತಾಯ.

ಇಂದಿಗೂ ಬಾಂಬೆ

ಎರಡನೇ ಬಗೆಯ ಒಪ್ಪಂದ ಸಂಕೇತಗಳ ಪಟ್ಟಿ. ನಗರದ ಹೆಸರು 1995ರಲ್ಲಿ ಮುಂಬೈ ಆಯಿತು. ವ್ಯಾಪಾರ ಜಗತ್ತಿನ ಸಂಕೇತಪಟ್ಟಿಯಲ್ಲಿ ಅದು ಇಂದಿಗೂ ಐಎನ್-ಬಿಒಎಂ. ನ್ಹಾವಾ ಶೇವಾ ಐಎನ್-ಎನ್‌ಎಸ್‌ಎ. ಕಸ್ಟಮ್ಸ್ ಇದರ ಕೊನೆಗೆ ಒಂದಂಕಿ ಸೇರಿಸಿ ಸಮುದ್ರ ಬಂದರಿಗೆ 1, ವಿಮಾನ ನಿಲ್ದಾಣಕ್ಕೆ 4 ಎಂದು ಬೇರ್ಪಡಿಸುತ್ತದೆ. ಹೆಸರು ಬದಲಾದಾಗ ಸಂಕೇತ ಬದಲಾಗದೆ ಉಳಿದದ್ದು ಯಾರದೋ ಸೋಮಾರಿತನ ಎಂದು ಬೇಸರಪಡುವವರಿದ್ದಾರೆ. ಆದರೆ ಸಂಕೇತದ ಒಂದೇ ಗುಣ ಸ್ಥಿರತೆ. ಅದು ಚೆಂದ ಇರಬೇಕಿಲ್ಲ, ಅರ್ಥವೂ ಬೇಕಿಲ್ಲ, ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಆಗಿದ್ದರೆ ಸಾಕು. ಅಳತೆಯ ಸಂಕೇತಗಳನ್ನು ನೋಡಿದರೆ ಇದರ ಬೆಲೆ ಗೊತ್ತಾಗುತ್ತದೆ. ಜಿಎಸ್‌ಟಿ ಪಟ್ಟಿಯಲ್ಲಿ ಎಂಟಿಆರ್ ಎಂದರೆ ಮೀಟರ್, ಎಂಟಿಎಸ್ ಎಂದರೆ ಮೆಟ್ರಿಕ್ ಟನ್. ಅಂಗಡಿಯ ಗುಮಾಸ್ತ ಮೀಟರುಗಳು ಎನ್ನುವ ಅರ್ಥದಲ್ಲಿ ಎಂಟಿಎಸ್ ಎಂದು ಬರೆದರೆ ಭಿವಂಡಿಯಿಂದ ಹೊರಟ ಐನೂರು ಮೀಟರ್ ಬಟ್ಟೆ ದಾಖಲೆಯಲ್ಲಿ ಐನೂರು ಟನ್ ಆಗುತ್ತದೆ. ಕಾಗದ ಓದುವವನು ನಕ್ಕು ತಿದ್ದುತ್ತಿದ್ದ. ಯಂತ್ರಕ್ಕೆ ಅದು ನಿಯಮಬದ್ಧ ಸಂಕೇತ, ನಮೂನೆ ಸರಿ, ಮುಂದೆ ಹೋಗಬಹುದು.

ಕಾವಲು ಅಂಕಿ, ಸಂಕೇತಪಟ್ಟಿ ಎರಡರ ಮಿತಿಯೂ ಇಲ್ಲೇ ಇದೆ. ನಮೂನೆ ಸರಿಯಿದೆಯೇ ಎಂದು ಯಂತ್ರ ಹೇಳಬಲ್ಲದು, ಮಾತು ನಿಜವೇ ಎಂದು ಹೇಳಲಾರದು. ಆದ್ದರಿಂದ ಇಡಿಐ ಶುರುಮಾಡುವ ಕಂಪನಿ ಮೊದಲ ತಿಂಗಳನ್ನು ಸಾಫ್ಟ್‌ವೇರ್ ಆಯ್ಕೆಗೆ ಕಳೆಯುವ ಬದಲು ತನ್ನದೇ ಸರಕುಪಟ್ಟಿಯನ್ನು ತೊಳೆಯಲು ಕಳೆಯಬೇಕು. ಒಂದೇ ಬೋಲ್ಟಿಗೆ ಗೋದಾಮಿನಲ್ಲಿ ಒಂದು ಹೆಸರು, ಮಾರಾಟದವರಲ್ಲಿ ಇನ್ನೊಂದು, ಅಕೌಂಟ್ಸ್‌ನಲ್ಲಿ ಮತ್ತೊಂದು ಇರುವವರೆಗೆ ಹೊರಗಿನವರ ಜೊತೆ ಮಾಡಿಕೊಂಡ ಒಪ್ಪಂದಕ್ಕೆ ಅರ್ಥವಿಲ್ಲ.

ಎರಡು ದೋಣಿಯ ಮೇಲೆ ಕಾಲು

ಎಲ್ಲ ಆನ್‌ಲೈನ್ ಆದ ಮೇಲೂ ‘ಒಂದು ಪ್ರಿಂಟ್ ಕೊಡಿ’ ಎನ್ನುವುದೇಕೆ? ಭಾರತೀಯ ಕಸ್ಟಮ್ಸ್‌ನ ಇಡಿಐ ವ್ಯವಸ್ಥೆ 1995ರಲ್ಲಿ ದಿಲ್ಲಿಯಲ್ಲಿ ಪ್ರಯೋಗವಾಗಿ ಶುರುವಾಗಿ ಬೇರೆ ಕಸ್ಟಮ್ ಹೌಸ್‌ಗಳಿಗೆ ಹಬ್ಬಿತು. ಕಂಪ್ಯೂಟರ್ ಇಲ್ಲದವರಿಗಾಗಿ ಕಸ್ಟಮ್ ಹೌಸಿನಲ್ಲೇ ಸರ್ವಿಸ್ ಸೆಂಟರ್ ಇಟ್ಟರು. ಕಾಗದದಲ್ಲಿ ತುಂಬಿದ ನಮೂನೆ ಕೊಟ್ಟರೆ ಅಲ್ಲಿಯವರು ಟೈಪ್ ಮಾಡಿ ಚೆಕ್‌ಲಿಸ್ಟ್ ಎಂಬ ಪ್ರಿಂಟ್ ಕೊಡುತ್ತಿದ್ದರು, ಸಿಎಚ್‌ಎ ಅದನ್ನು ಸಾಲುಸಾಲಾಗಿ ನೋಡಿ ಸಹಿ ಹಾಕಿದ ಮೇಲೆ ದಾಖಲೆ ಒಳಗೆ ಹೋಗುತ್ತಿತ್ತು. ಈ ಚೆಕ್‌ಲಿಸ್ಟ್ ನಗಣ್ಯವೆನಿಸಬಹುದು. ನಾನು ಅದನ್ನು ಆ ಕಾಲದ ಅತ್ಯಂತ ಜಾಣ ಏರ್ಪಾಡು ಎನ್ನುತ್ತೇನೆ. ತಪ್ಪಿನ ಹೊಣೆ ಯಾರದು ಎಂಬ ಪ್ರಶ್ನೆಗೆ ದಾಖಲೆ ಸಲ್ಲುವ ಮೊದಲೇ ಅದು ಉತ್ತರ ಬರೆಸಿಕೊಳ್ಳುತ್ತಿತ್ತು.

ಕಾಗದ ಮತ್ತು ಕಂಪ್ಯೂಟರ್ ಎರಡನ್ನೂ ಕೆಲ ಕಾಲ ನಡೆಸುವುದು ಅನಿವಾರ್ಯವೇ. ಅದಕ್ಕೆ ಕೊನೆಯ ದಿನ ಗೊತ್ತುಮಾಡದಿರುವುದು ಮಾತ್ರ ದೊಡ್ಡ ತಪ್ಪು, ಯಾಕೆಂದರೆ ಎರಡೂ ಇದ್ದಾಗ ಜನ ನಂಬುವುದು ಕಾಗದವನ್ನೇ. ಪರದೆಯ ಮೇಲಿನ ದಾಖಲೆಯನ್ನು ಯಾರೂ ತಿದ್ದುವುದಿಲ್ಲ, ತಿದ್ದದಿದ್ದರಿಂದ ಅದು ಇನ್ನಷ್ಟು ಕೆಡುತ್ತದೆ, ಕೆಟ್ಟಿದ್ದರಿಂದ ಕಾಗದದ ಮೇಲಿನ ನಂಬಿಕೆ ಇನ್ನಷ್ಟು ಬಲಿಯುತ್ತದೆ. ಕಸ್ಟಮ್ಸ್ 2018ರಲ್ಲಿ ಇ-ಸಂಚಿತ್ ಮೂಲಕ ಪೂರಕ ದಾಖಲೆಗಳನ್ನು ಅಪ್‌ಲೋಡ್ ಮಾಡುವ ಪದ್ಧತಿಯನ್ನು ದೇಶದಾದ್ಯಂತ ತಂದಿತು. ಫೈಲು ಹೊತ್ತು ಓಡುವ ಹುಡುಗರ ಕಾಲಿಗೆ ವಿಶ್ರಾಂತಿ ಸಿಕ್ಕಿತು, ಅದು ಸಣ್ಣ ಲಾಭವಲ್ಲ. ಆದರೆ ಪಿಡಿಎಫ್ ಎನ್ನುವುದು ಕಾಗದದ ಫೋಟೋ. ಅದನ್ನು ಓದಲು ಮತ್ತೆ ಮನುಷ್ಯನ ಕಣ್ಣೇ ಬೇಕು. ಇನ್‌ವಾಯ್ಸನ್ನು ಇಮೇಲ್ ಮಾಡಿ ‘ನಾವೂ ಇಡಿಐಗೆ ಬಂದೆವು’ ಎನ್ನುವ ಕಂಪನಿಗಳು ಇದನ್ನು ಗಮನಿಸಬೇಕು.

ಸಣ್ಣವರ ಪಾಡು

ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ಧಾರಾವಿಯ ಚರ್ಮದ ಚೀಲದವನಿಗೆ, ವಸಾಯಿಯ ಎಂಜಿನಿಯರಿಂಗ್ ಶೆಡ್ಡಿನವನಿಗೆ ಹೊರೆಯಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಪ್ರತಿ ದೊಡ್ಡ ಗ್ರಾಹಕನೂ ತನ್ನದೇ ನಮೂನೆ ಹೇರಿದರೆ ಸಣ್ಣ ಪೂರೈಕೆದಾರ ಸಾಯುತ್ತಾನೆ. ಹತ್ತು ಜನ ಒಬ್ಬರಿಗೊಬ್ಬರು ನೇರ ಜೋಡಿಸಿಕೊಳ್ಳಬೇಕಾದರೆ ನಲವತ್ತೈದು ಕೊಂಡಿಗಳು ಬೇಕು, ಪ್ರತಿಯೊಂದಕ್ಕೂ ಬೇರೆ ಒಪ್ಪಂದ. ನಡುವೆ ಒಂದು ಸಾಮಾನ್ಯ ಕೇಂದ್ರವಿದ್ದರೆ ಹತ್ತೇ ಕೊಂಡಿ ಸಾಕು. ಭಾರತೀಯ ಬಂದರು ಸಂಘ 2007ರಲ್ಲಿ ಪೋರ್ಟ್ ಕಮ್ಯುನಿಟಿ ಸಿಸ್ಟಮ್ ತಂದದ್ದು, 2018ರ ಡಿಸೆಂಬರಿನಲ್ಲಿ ಅದನ್ನು ಹೊಸದಾಗಿ ಕಟ್ಟಿದ್ದು ಈ ಲೆಕ್ಕದ ಮೇಲೆಯೇ: ಹಡಗು ಏಜೆಂಟ್, ಟರ್ಮಿನಲ್, ಬಂದರು, ಕಸ್ಟಮ್ಸ್, ಬ್ಯಾಂಕು ಎಲ್ಲರಿಗೂ ಒಂದೇ ಬಾಗಿಲು. ಸಣ್ಣವನಿಗೆ ಆ ಬಾಗಿಲನ್ನೂ ತಾನೇ ತಟ್ಟಬೇಕಾಗಿಲ್ಲ, ಅವನ ಸಿಎಚ್‌ಎ ತಟ್ಟುತ್ತಾನೆ. ಇಡಿಐ ಬಂದರೆ ಮಧ್ಯವರ್ತಿ ಹೋಗುತ್ತಾನೆ ಎಂಬ ನಿರೀಕ್ಷೆ ಮುಂಬೈಯಲ್ಲಿ ನಿಜವಾಗಲಿಲ್ಲ. ಫೈಲು ಓಡಿಸುತ್ತಿದ್ದವನು ಸಂಕೇತ ತುಂಬುವವನಾದ, ಅಷ್ಟೇ. ಇದನ್ನು ಸೋಲು ಎಂದು ನಾನು ಭಾವಿಸುವುದಿಲ್ಲ. ಅರ್ಥದ ಹೊಂದಾಣಿಕೆ ಯಾರಾದರೂ ಮಾಡಲೇಬೇಕಾದ ಕೆಲಸ, ಅದು ತಿಳಿದವನ ಕೈಯಲ್ಲಿದ್ದರೆ ನಷ್ಟವೇನು?

ಆದರೆ ಒಂದೇ ಬಾಗಿಲಿಗೆ ಇನ್ನೊಂದು ಅಪಾಯವಿದೆ. 2017ರ ಜೂನ್ 27ರಂದು ಉಕ್ರೇನಿನಿಂದ ಹರಡಿದ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಡೆನ್ಮಾರ್ಕಿನ ಮೇರ್ಸ್ಕ್ ಸಮೂಹದ ಕಂಪ್ಯೂಟರುಗಳನ್ನು ಕೆಡವಿತು. ಆ ಸಮೂಹದ ಕಂಪನಿ ನಡೆಸುವ ಗೇಟ್‌ವೇ ಟರ್ಮಿನಲ್ ಇರುವುದು ನ್ಹಾವಾ ಶೇವಾದಲ್ಲಿ. ಯಾವ ಪೆಟ್ಟಿಗೆ ಯಾರದು ಎಂದು ಹೇಳುವ ಯಂತ್ರವೇ ಮಲಗಿದಾಗ ಅಲ್ಲಿಯ ಕೆಲಸ ಕೈಬರಹಕ್ಕೆ ಇಳಿಯಿತು. ಇದನ್ನು ತೋರಿಸಿ ‘ಕಾಗದವೇ ಲೇಸು’ ಎನ್ನುವವರಿಗೆ ಅರ್ಧ ಉತ್ತರವಿದೆ: ಕಾಗದದ ಕಾಲದಲ್ಲೂ ಬೆಂಕಿ ಬಿದ್ದಿದೆ, ನೀರು ನುಗ್ಗಿದೆ. ಇನ್ನರ್ಧವನ್ನು ಒಪ್ಪಿಕೊಳ್ಳಲೇಬೇಕು. ಕಾಗದ ಒಂದು ಕಚೇರಿಯಲ್ಲಿ ಸುಡುತ್ತದೆ. ಹೀಗೆ ಜೋಡಿಸಿದ ವ್ಯವಸ್ಥೆ ಉಕ್ರೇನಿನಲ್ಲಿ ಹೊತ್ತಿಕೊಂಡರೆ ನ್ಹಾವಾ ಶೇವಾ ಇರುವ ಉರಣ್‌ನಲ್ಲಿ ಹೊಗೆಯಾಡುತ್ತದೆ. ಯಂತ್ರ ನಿಂತ ದಿನ ಕೈಯಾರೆ ಹೇಗೆ ನಡೆಸುವುದು ಎಂಬ ಅಭ್ಯಾಸ ಇಡಿಐ ಖರ್ಚಿನ ಭಾಗವಾಗಿಯೇ ಇರಬೇಕು.

ಊಹಿಸುವ ಯಂತ್ರ ಬಂದ ಮೇಲೆ

ಈಚೆಗೆ ಕೇಳಿಬರುವ ಆಕ್ಷೇಪ ಇನ್ನೂ ಬುಡಕ್ಕೇ ಹೋಗುತ್ತದೆ. ಕೃತಕ ಬುದ್ಧಿಮತ್ತೆ ಪಿಡಿಎಫ್ ಓದಬಲ್ಲದು, ‘17’ ಮತ್ತು ‘ಎಕ್ಸ್‌ಪಿ/017/17-18’ ಒಂದೇ ಎಂದು ಊಹಿಸಬಲ್ಲದು; ಹಾಗಿದ್ದ ಮೇಲೆ ಈ ಸಂಕೇತಪಟ್ಟಿಗಳ ಗೋಜೇಕೆ? ಊಹೆ ಮಾಡುವ ಓದುಗ ಮರಳಿ ಬಂದದ್ದು ನಿಜ, ಮತ್ತು ತಪ್ಪುಗಳನ್ನು ಮುಂಚಿತವಾಗಿ ಎತ್ತಿ ತೋರಿಸುವುದರಲ್ಲಿ ಅವನು ಉಪಯೋಗಿ. ಆದರೆ ಹಣ ಬಿಡುಗಡೆ ಮಾಡುವ ಜಾಗದಲ್ಲಿ ಊಹೆ ಸಾಲದು. ನನ್ನ ಯಂತ್ರ ಒಂದು ಬಗೆಯಲ್ಲಿ, ನಿಮ್ಮ ಯಂತ್ರ ಇನ್ನೊಂದು ಬಗೆಯಲ್ಲಿ ಊಹಿಸಿದರೆ ಜಗಳ ಬಿಡಿಸಲು ಮೂರನೆಯವನು ಬೇಕು, ಅವನಿಗೆ ಆಧಾರವಾಗಿ ಇಬ್ಬರೂ ಮೊದಲೇ ಒಪ್ಪಿದ ಏನೋ ಒಂದು ಬೇಕು. ಗುಮಾಸ್ತನ ಊಹೆಯ ಹಿಂದೆ ಅವನ ಸಹಿ ಇರುತ್ತಿತ್ತು. ಯಂತ್ರದ ಊಹೆಯ ಕೆಳಗೆ ಯಾರು ಸಹಿ ಹಾಕುತ್ತಾರೆ?

ಸರಕಾರ ಹಿಡಿದ ದಾರಿ ಬೇರೆಯದು. 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಕಂಪನಿಗಳು ಇನ್‌ವಾಯ್ಸನ್ನು ಗೊತ್ತುಪಡಿಸಿದ ನಮೂನೆಯಲ್ಲಿ ಒಂದು ಪೋರ್ಟಲಿನಲ್ಲಿ ನೋಂದಾಯಿಸಬೇಕೆಂದು ನಿಯಮವಾಯಿತು. ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಮಾರುವವನ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ ಈ ನಾಲ್ಕರಿಂದ 64 ಅಕ್ಷರಗಳ ಒಂದು ಗುರುತು ಹುಟ್ಟುತ್ತದೆ. ಅದೇ ಸಂಖ್ಯೆಯ ಇನ್‌ವಾಯ್ಸನ್ನು ಎರಡನೇ ಸಲ ಸಲ್ಲಿಸಿದರೆ ಅಲ್ಲೇ ತಿರಸ್ಕಾರ. ನೋಂದಾಯಿಸಿದ ವಿವರ ಜಿಎಸ್‌ಟಿಆರ್-1ಕ್ಕೆ ತಾನಾಗಿ ಹರಿಯುತ್ತದೆ, ಅಕೌಂಟೆಂಟ್ ಮತ್ತೆ ಟೈಪ್ ಮಾಡುವ ಹಂಗಿಲ್ಲ. ರಫ್ತಿನ ಇನ್‌ವಾಯ್ಸುಗಳೂ ಇದರಡಿ ಬರುತ್ತವೆ. ಒಂದು ಮಾತನ್ನು ಹುಟ್ಟಿದ ಜಾಗದಲ್ಲಿ ಒಂದೇ ಸಲ ಬರೆಯಬೇಕು, ಉಳಿದವರೆಲ್ಲ ಅದನ್ನೇ ಎತ್ತಿಕೊಳ್ಳಬೇಕು ಎಂಬ ತತ್ವ ಇಲ್ಲಿ ಅಂತೂ ಜಾರಿಗೆ ಬಂದಿದೆ. ಶಿಪ್ಪಿಂಗ್ ಬಿಲ್ ಮಾತ್ರ ಇಂದಿಗೂ ಬೇರೆ ದಾರಿಯಲ್ಲೇ ಹೋಗುತ್ತದೆ. ಅದರಲ್ಲಿನ ಇನ್‌ವಾಯ್ಸ್ ನಂಬರು ರಿಟರ್ನ್‌ನಲ್ಲಿರುವ ನಂಬರಿಗೆ ಅಕ್ಷರಶಃ ಸರಿಹೊಂದಬೇಕಾದ ನಿಯಮವೂ ಹಾಗೆಯೇ ಇದೆ. ಹೀಗಾಗಿ ಕಂಪನಿಯ ಅಕೌಂಟ್ಸ್‌ನವರೂ ಅವರ ಸಿಎಚ್‌ಎಯೂ ಸರಕು ಹೊರಡುವ ಮೊದಲು ಒಮ್ಮೆ ಮಾತಾಡಿಕೊಳ್ಳುವುದನ್ನು ಯಾವ ಪೋರ್ಟಲೂ ಇನ್ನೂ ತಪ್ಪಿಸಿಲ್ಲ.